ಹಳಿಯ ಒಡೆಯರು, ಮತದ ಒಡೆಯರು

ಪ್ರಜೆಗೆ ಮತವೇ ಇಲ್ಲದಿರುವುದು ಒಂದು ದುರವಸ್ಥೆ. ಮತವಿದ್ದೂ ಅದನ್ನು ಯಾರಿಗೆ ಕೊಟ್ಟರೂ ಫಲವೊಂದೇ ಆಗಿರುವುದು ಇನ್ನೊಂದು ದುರವಸ್ಥೆ. ಮೊದಲನೆಯದರಲ್ಲಿ ಎದುರಾಳಿಯು ಕಣ್ಣೆದುರಿಗೇ ನಿಂತಿರುತ್ತಾನೆ. ಎರಡನೆಯದರಲ್ಲಿ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯುತ್ತವೆ, ಉಭಯ ಪಕ್ಷಗಳ ಬಾವುಟಗಳೂ ಹಾರಾಡುತ್ತವೆ, ಗೆದ್ದವನು ಪ್ರಮಾಣವಚನವನ್ನು ಸ್ವೀಕರಿಸುತ್ತಾನೆ. ರಾಜ್ಯದ ನಿರ್ಧಾರಗಳು ಮಾತ್ರ ಮತದಾರನ ಕಣ್ಣಿಗೆ ಬೀಳದ ಬೇರೊಂದು ಕೊಠಡಿಯಲ್ಲಿ ಆಗುತ್ತಿರುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯದ ಜನರು 1870ರಿಂದ 1910ರವರೆಗೆ ಸುಮಾರು ನಾಲ್ಕು ದಶಕಗಳ ಕಾಲ ಈ ಎರಡನೆಯ ದುರವಸ್ಥೆಯಲ್ಲಿ ಬಾಳಿದರು. ಅದರಿಂದ ಅವರು ಹೊರಬಂದ ಬಗೆ, ಹೊರಬಂದ ಮೇಲೆ ಗಳಿಸಿಕೊಂಡದ್ದು, ಗಳಿಸಿದ್ದನ್ನು ಕಾಪಾಡಿಕೊಳ್ಳಲಾರದೆ ಹೋದದ್ದು, ಇವೆಲ್ಲವೂ ಮತದಾನದ ಹಕ್ಕುಳ್ಳ ಯಾವ ದೇಶದ ಜನಕ್ಕಾದರೂ ವಿಚಾರಾರ್ಹವಾದ ಚರಿತ್ರೆ.

ಈ ಚರಿತ್ರೆಯ ಮೊದಲು ಸ್ಯಾಕ್ರಮೆಂಟೊ ಪಟ್ಟಣದ ಅಂಗಡಿ ಬೀದಿಯಲ್ಲಿದೆ. ಚಿನ್ನವನ್ನು ಅರಸಿ ಬಂದವರಿಗೆ ದಿನಸಿಯನ್ನು ಮಾರುತ್ತಿದ್ದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್, ಜವಳಿ ವ್ಯಾಪಾರಿಯಾಗಿದ್ದ ಚಾರ್ಲ್ಸ್ ಕ್ರಾಕರ್, ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಪಾಲುದಾರರಾಗಿದ್ದ ಕಾಲಿಸ್ ಹಂಟಿಂಗ್ಟನ್ ಮತ್ತು ಮಾರ್ಕ್ ಹಾಪ್ಕಿನ್ಸ್, ಈ ನಾಲ್ವರು ಥಿಯೊಡರ್ ಜೂಡಾ ಎಂಬ ಎಂಜಿನಿಯರನ ಕನಸಿಗೆ ಹಣ ಹೂಡಿ 1861ರಲ್ಲಿ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪೆನಿಯನ್ನು ಸ್ಥಾಪಿಸಿದರು. ಮರುವರ್ಷ ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದ ಕಾಯಿದೆಯ ಪ್ರಕಾರ, ಸಮತಟ್ಟಾದ ನೆಲದಲ್ಲಿ ಹಾಸಿದ ಪ್ರತಿಯೊಂದು ಮೈಲಿ ಹಳಿಗೆ 16,000 ಡಾಲರು, ಪರ್ವತಪ್ರದೇಶದಲ್ಲಾದರೆ 48,000 ಡಾಲರು ಮೌಲ್ಯದ ಸರ್ಕಾರಿ ಸಾಲಪತ್ರಗಳು ಕಂಪೆನಿಗೆ ದೊರೆತವು; 1864ರ ತಿದ್ದುಪಡಿಯಿಂದ ಮೈಲಿಯೊಂದಕ್ಕೆ 12,800 ಎಕರೆ ಭೂಮಿಯೂ ದೊರೆಯುವಂತಾಯಿತು. ಈ ಕಾರ್ಯ ಮೊದಲಾದಾಗ ರಾಜ್ಯದ ಗವರ್ನರ್ ಪದವಿಯಲ್ಲಿದ್ದವನು ಆ ಕಂಪೆನಿಯ ಅಧ್ಯಕ್ಷನೇ ಆದ ಸ್ಟ್ಯಾನ್‌ಫರ್ಡ್. ಕಂಪೆನಿಗೆ ರಾಜ್ಯದ ನೆರವನ್ನು ನೀಡುವ ಮಸೂದೆಗಳಿಗೆ ರಾಜ್ಯದ ಪರವಾಗಿ ರುಜು ಹಾಕಿದ ಕೈಯೂ ಅವನದೇ. ಹತ್ತು ಸಾವಿರಕ್ಕೂ ಮಿಕ್ಕ ಚೀನೀ ಕೂಲಿಗಾರರು ಸಿಯೆರ‍್ರಾ ಪರ್ವತದ ಕಗ್ಗಲ್ಲನ್ನು ಕೊರೆದು, ಹಿಮಪಾತಗಳಲ್ಲಿ ಪ್ರಾಣ ತೆತ್ತು ಹಾಸಿದ ಆ ಹಳಿಯು 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದ ಹಳಿಯನ್ನು ಕೂಡಿದಾಗ ದೇಶವೆಲ್ಲ ಸಂಭ್ರಮಿಸಿತು. ಆ ಸಂಭ್ರಮಕ್ಕೆ ಕಾರಣವೂ ಇತ್ತು. ಪಶ್ಚಿಮ ತೀರದ ಏಕಾಂತವನ್ನು ನೀಗಿಸಿದ ಮಹತ್ಕಾರ್ಯ ಅದಾಗಿತ್ತೆಂಬುದನ್ನು ಕಂಪೆನಿಯ ಕಡು ವೈರಿಯೂ ಅಲ್ಲಗಳೆಯಲಿಲ್ಲ.

ಪರಂತು ಏಕಾಂತವನ್ನು ನೀಗಿಸಿದ ಶಕ್ತಿಯೇ ಏಕಸ್ವಾಮ್ಯವಾಗಿ ಬೆಳೆಯಿತು. ಆ ನಾಲ್ವರು ಸದರ್ನ್ ಪೆಸಿಫಿಕ್ ಎಂಬ ಇನ್ನೊಂದು ಕಂಪೆನಿಯನ್ನು ಕೊಂಡು, ದಕ್ಷಿಣದ ಕಣಿವೆಗಳಿಗೆ ಹಳಿಗಳನ್ನು ಚಾಚಿದರು; 1880ರ ದಶಕದ ನಡುವಿನ ಹೊತ್ತಿಗೆ ಅವರ ಸಮಸ್ತ ಮಾರ್ಗಗಳೂ ಆ ಒಂದೇ ಹೆಸರಿನಡಿ ಬಂದವು. ಗೋಧಿಯನ್ನು ಬೆಳೆದ ರೈತನಿಗೂ ಹಣ್ಣನ್ನು ಕಳುಹಿಸುವ ತೋಟಗಾರನಿಗೂ ಬೇರೆ ದಾರಿಯಿಲ್ಲದ್ದರಿಂದ ಸಾಗಣೆಯ ದರವನ್ನು ಗೊತ್ತುಮಾಡುವವರು ಕಂಪೆನಿಯ ಅಧಿಕಾರಿಗಳೇ ಆದರು. ಸಾಗಿಸುವವನು ಎಷ್ಟನ್ನು ತಾಳಿಕೊಳ್ಳಬಲ್ಲನೋ ಅಷ್ಟನ್ನು ವಸೂಲು ಮಾಡುವುದೇ ಅವರ ಸೂತ್ರವಾಯಿತು. ಬೆಳೆ ಚೆನ್ನಾದ ವರ್ಷ ದರವೂ ಏರುವುದೆಂದಾದ ಮೇಲೆ ರೈತನ ಪರಿಶ್ರಮಕ್ಕೂ ಅವನ ಸಂಪತ್ತಿಗೂ ಇದ್ದ ನಂಟು ಕಡಿದುಹೋಯಿತು.

ಈ ಅಸಮಾಧಾನವು ರಕ್ತಪಾತಕ್ಕೆ ತಿರುಗಿದ್ದು 1880ರ ಮೇ 11ರಂದು, ಹ್ಯಾನ್‌ಫರ್ಡ್ ಊರಿನ ಬಳಿಯ ಮಸಲ್ ಸ್ಲೂ ಎಂಬಲ್ಲಿ. ಕಂಪೆನಿಯ ಪಾಲಿನ ಭೂಮಿಗೆ ಎಕರೆಗೆ ಎರಡೂವರೆ ಡಾಲರಿನಿಂದ ಬೆಲೆಯೆಂಬ ಪ್ರಕಟಣೆಯನ್ನು ನಂಬಿ ಬಂದ ಒಕ್ಕಲುಗಳು ಮರಳುಗಾಡಿನಂತಿದ್ದ ನೆಲಕ್ಕೆ ಕಾಲುವೆ ತೋಡಿ, ನೀರು ತಂದು, ಬೆಳೆ ತೆಗೆದಿದ್ದರು. ಕ್ರಯಪತ್ರ ಬರೆದುಕೊಡುವ ಕಾಲ ಬಂದಾಗ ಕಂಪೆನಿಯು ಒಕ್ಕಲುಗಳ ದುಡಿಮೆಯಿಂದಲೇ ಹೆಚ್ಚಿದ ಬೆಲೆಯನ್ನು ಒಕ್ಕಲುಗಳಿಂದಲೇ ಕೇಳಿತು. ನ್ಯಾಯಾಲಯವೂ ಕಂಪೆನಿಯ ಪಕ್ಷವನ್ನೇ ಎತ್ತಿಹಿಡಿಯಿತು. ಹೊಸ ಕೊಳ್ಳುಗರಿಗೆ ಜಮೀನನ್ನು ವಶಪಡಿಸಲು ಸರ್ಕಾರಿ ಅಧಿಕಾರಿಯು ಬಂದ ದಿನ ಹಾರಿದ ಗುಂಡುಗಳಿಗೆ ಏಳು ಮಂದಿ ಬಲಿಯಾದರು. ಅಧಿಕಾರಿಯನ್ನು ತಡೆದರೆಂದು ಸೆರೆಮನೆಗೆ ಹೋದ ಐವರು ಒಕ್ಕಲಿಗರನ್ನು ಜನ ಅಪರಾಧಿಗಳೆಂದು ನೋಡದೆ ವೀರರೆಂದು ಮನ್ನಿಸಿತು. ಎರಡು ವರ್ಷಗಳ ತರುವಾಯ ‘ದಿ ವಾಸ್ಪ್’ ಎಂಬ ಪತ್ರಿಕೆಯಲ್ಲಿ ಜಿ. ಫ್ರೆಡರಿಕ್ ಕೆಲ್ಲರನು ಕಂಪೆನಿಯನ್ನು ಆಕ್ಟೋಪಸ್ ಎಂಬ ಎಂಟು ತೋಳಿನ ಕಡಲಜಂತುವಾಗಿ ಚಿತ್ರಿಸಿದನು. 1901ರಲ್ಲಿ ಫ್ರ್ಯಾಂಕ್ ನಾರಿಸ್ ಆ ಹೆಸರನ್ನೇ ತನ್ನ ಕಾದಂಬರಿಗಿಟ್ಟು ಮಸಲ್ ಸ್ಲೂವಿನ ದುರಂತವನ್ನು ಅದರ ವಸ್ತುವಾಗಿಸಿದನು.

ಮತದಾರರು ಸುಮ್ಮನೆ ಕುಳಿತಿದ್ದರೆಂದಲ್ಲ. 1879ರಲ್ಲಿಯೇ ಅವರು ಹೊಸ ರಾಜ್ಯಾಂಗವೊಂದನ್ನು ಅಂಗೀಕರಿಸಿ, ರೈಲ್ವೆ ದರಗಳ ಮೇಲೆ ಹಿಡಿತವಿಡಲು ಚುನಾಯಿತರಾದ ಮೂವರ ಆಯೋಗವನ್ನು ಏರ್ಪಡಿಸಿದ್ದರು. ಆ ಕಾಲದ ಜನಾವೇಶಕ್ಕೆ ಡೆನಿಸ್ ಕಿಯರ್ನಿಯ ಕಾರ್ಮಿಕ ಪಕ್ಷವು ಒಂದು ದನಿಯಾಗಿತ್ತು. ಆದರೆ ಆ ಪಕ್ಷವು ಧನಿಕರ ಮೇಲಿನ ರೋಷದಲ್ಲಿ ಬಹುಪಾಲನ್ನು ಬಡ ಚೀನೀ ಕೂಲಿಗಾರರ ಮೇಲೆ ತಿರುಗಿಸಿ ತನ್ನ ನ್ಯಾಯವಾದ ದೂರನ್ನು ಅನ್ಯಾಯದಿಂದ ಮಲಿನಗೊಳಿಸಿತು. ಆಯೋಗದ ಗತಿಯಂತೂ ಶೋಚನೀಯ. ಲಕ್ಷಾಂತರ ಮತದಾರರನ್ನು ಒಲಿಸಿಕೊಳ್ಳುವುದು ಕಂಪೆನಿಗೆ ಕಷ್ಟವಾಗಬಹುದಾಗಿತ್ತು. ಮೂವರನ್ನು, ಅವರಲ್ಲಿಯೂ ಇಬ್ಬರನ್ನು, ಒಲಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಅಂಕುಶವೆಂದು ಹುಟ್ಟಿದ್ದು ಕೆಲವೇ ವರ್ಷಗಳಲ್ಲಿ ಅಲಂಕಾರವಾಗಿಹೋಯಿತು.

ಕಂಪೆನಿಯ ರಾಜಕೀಯ ವಿಧಾನವನ್ನು ಲೋಕವು ಅದರ ಧಣಿಗಳ ಹಸ್ತಾಕ್ಷರದಲ್ಲಿಯೇ ಓದುವಂತಾದದ್ದು ಒಂದು ಮೊಕದ್ದಮೆಯಿಂದ. ಅದರ ವ್ಯವಹಾರದಲ್ಲಿ ಆಪ್ತನಾಗಿದ್ದ ಡೇವಿಡ್ ಕಾಲ್ಟನ್ 1878ರಲ್ಲಿ ತೀರಿಕೊಂಡ ಮೇಲೆ, ತನಗೆ ವಂಚನೆಯಾಯಿತೆಂದು ಅವನ ವಿಧವೆಯು ಹೂಡಿದ ದಾವೆಯಲ್ಲಿ, ಹಂಟಿಂಗ್ಟನನು ವಾಷಿಂಗ್ಟನ್ನಿನಿಂದಲೂ ನ್ಯೂಯಾರ್ಕಿನಿಂದಲೂ ಬರೆಯುತ್ತಿದ್ದ ನೂರಾರು ಪತ್ರಗಳು 1883ರಲ್ಲಿ ನ್ಯಾಯಾಲಯಕ್ಕೂ ತನ್ಮೂಲಕ ಪತ್ರಿಕೆಗಳಿಗೂ ಬಂದವು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಯಾವ ಸದಸ್ಯನು ಅನುಕೂಲ, ಯಾವನು ಪ್ರತಿಕೂಲ, ಯಾವ ಮಸೂದೆಗೆ ಎಷ್ಟು ವೆಚ್ಚ ಬೀಳಬಹುದು ಎಂಬ ವಿಚಾರಗಳು ಅವುಗಳಲ್ಲಿ ಉಗ್ರಾಣದ ಲೆಕ್ಕದಷ್ಟೇ ನಿರುದ್ವಿಗ್ನವಾಗಿ ಬರೆಯಲ್ಪಟ್ಟಿದ್ದವು. ಇಷ್ಟು ಬಯಲಾದರೂ ಎರಡು ವರ್ಷಗಳೊಳಗೆ, 1885ರಲ್ಲಿ, ರಾಜ್ಯದ ಶಾಸನಸಭೆಯು ಸ್ಟ್ಯಾನ್‌ಫರ್ಡನನ್ನೇ ಸೆನೆಟರನನ್ನಾಗಿ ಆರಿಸಿ ವಾಷಿಂಗ್ಟನ್ನಿಗೆ ಕಳುಹಿಸಿತು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ಪದ್ಧತಿಯು ಆಗ ಇರಲಿಲ್ಲ.

ಕಾಲಕ್ರಮದಲ್ಲಿ ಈ ಕೆಲಸಕ್ಕೆ ಒಂದು ಇಲಾಖೆಯೇ ಉಂಟಾಯಿತು. ಕಂಪೆನಿಯ ಮುಖ್ಯ ವಕೀಲ ವಿಲಿಯಂ ಹೆರಿನ್ ನಡೆಸುತ್ತಿದ್ದ ಅದನ್ನು ಜನ ‘ರಾಜಕೀಯ ಬ್ಯೂರೋ’ ಎಂದು ಕರೆಯುತ್ತಿದ್ದರು. ಹೆರಿನ್ ಸ್ವತಃ ಡೆಮಾಕ್ರಾಟ್. ರಾಜ್ಯದಲ್ಲಿ ಪ್ರಬಲವಾಗಿದ್ದ ರಿಪಬ್ಲಿಕನ್ ಪಕ್ಷದ ಮೇಲೆಯೂ ಅವನ ಅಂಕೆಯಿತ್ತು. ಶಾಸಕರಿಗೂ ನ್ಯಾಯಾಧೀಶರಿಗೂ ಪತ್ರಿಕಾ ಸಂಪಾದಕರಿಗೂ ರೈಲಿನ ಉಚಿತ ಪಾಸುಗಳು ಹೋಗುತ್ತಿದ್ದವು. ಊರೂರಿನ ವಕೀಲರಲ್ಲಿ ಅನೇಕರು ಕಂಪೆನಿಯ ವಕಾಲತ್ತನ್ನು ವಹಿಸಿದ್ದರು. ಸಣ್ಣ ಪತ್ರಿಕೆಗಳಿಗೆ ಜಾಹೀರಾತಿನ ಹೆಸರಿನಲ್ಲಿ ಸಹಾಯಧನ ಸಲ್ಲುತ್ತಿತ್ತು. ಇವೆಲ್ಲಕ್ಕಿಂತಲೂ ಮುಖ್ಯವಾದದ್ದು ಪಕ್ಷಗಳ ಸಮ್ಮೇಳನ. ಉಮೇದುವಾರರನ್ನು ಗೊತ್ತುಮಾಡುತ್ತಿದ್ದವರು ಮತದಾರರಲ್ಲ, ಸಮ್ಮೇಳನದ ಪ್ರತಿನಿಧಿಗಳು. ಆ ಪ್ರತಿನಿಧಿಗಳು ಕೈಯಲ್ಲಿದ್ದರೆ ಎರಡು ಪಕ್ಷಗಳ ಉಮೇದುವಾರರೂ ಕಂಪೆನಿಗೆ ಸಮ್ಮತರಾದವರೇ ಆಗುತ್ತಿದ್ದರು; ಆ ಮೇಲೆ ನವೆಂಬರಿನಲ್ಲಿ ಮತದಾರನು ತನ್ನ ಆಯ್ಕೆಯ ಸ್ವಾತಂತ್ರ್ಯವನ್ನು ಎಷ್ಟು ಶ್ರದ್ಧೆಯಿಂದ ಚಲಾಯಿಸಿದರೂ ಕಂಪೆನಿಗೆ ಆತಂಕವಿರಲಿಲ್ಲ. ಹೆರಿನ್ನಿಗೆ ವರ್ಷದ ಪ್ರತಿಯೊಂದು ದಿನವೂ ಚುನಾವಣೆಯ ದಿನವೇ. ಅದಕ್ಕೆ ಸಂಬಳವೂ ಸಿಬ್ಬಂದಿಯೂ ಉಂಟು. ಎರಡು ವರ್ಷಕ್ಕೊಮ್ಮೆ ಒಂದು ದಿನ ರಾಜಕೀಯವನ್ನು ನೆನೆಯುತ್ತಿದ್ದ ನಾಗರಿಕನು ಅಂಥವನೆದುರು ಸೋಲುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ?

ಆದರೂ ಸೋಲು ಪರಿಪೂರ್ಣವಾಗಿರಲಿಲ್ಲ. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಜನ ಎರಡೂ ದೊಡ್ಡ ಪಕ್ಷಗಳನ್ನು ಬಿಟ್ಟು, ಕಂಪೆನಿಯ ಬದ್ಧವಿರೋಧಿಯಾದ ಅಡಾಲ್ಫ್ ಸುಟ್ರೋ ಎಂಬುವನನ್ನು ಪಾಪ್ಯುಲಿಸ್ಟ್ ಪಕ್ಷದಿಂದ ಮೇಯರನನ್ನಾಗಿ ಆರಿಸಿದರು. ಸರ್ಕಾರದಿಂದ ಪಡೆದ ಸಾಲದ ಮರುಪಾವತಿಯನ್ನು ದಶಕಗಳಷ್ಟು ಮುಂದೂಡುವ ಮಸೂದೆಯೊಂದನ್ನು ಹಂಟಿಂಗ್ಟನ್ ಕಾಂಗ್ರೆಸ್ಸಿನಲ್ಲಿ ಮಾಡಿಸಹೊರಟಾಗ, ಪತ್ರಿಕೋದ್ಯಮಿ ಹರ್ಸ್ಟನ ಪತ್ರಿಕೆಯು ಆಂಬ್ರೋಸ್ ಬಿಯರ್ಸ್ ಎಂಬ ತೀಕ್ಷ್ಣ ಲೇಖಕನನ್ನು 1896ರಲ್ಲಿ ವಾಷಿಂಗ್ಟನ್ನಿಗೆ ಕಳುಹಿಸಿತು. ಅವನ ಲೇಖನಗಳ ಬಿಸಿಗೆ ಆ ಯತ್ನವು ಬಿದ್ದುಹೋಯಿತು. ಇವು ಒಂದೊಂದು ಗೆಲವು. ಗೆದ್ದವರು ಮನೆಗೆ ಮರಳಿದ ಮಾರನೆಯ ದಿನ ಬ್ಯೂರೋದ ಬಾಗಿಲು ಎಂದಿನಂತೆ ತೆರೆಯುತ್ತಿತ್ತು.

1906ನೆಯ ಇಸವಿ ನಿರ್ಣಾಯಕವಾಯಿತು. ಆ ಸೆಪ್ಟೆಂಬರಿನಲ್ಲಿ ಸಾಂತಾ ಕ್ರೂಸಿನಲ್ಲಿ ಸೇರಿದ ರಿಪಬ್ಲಿಕನ್ ಸಮ್ಮೇಳನವು, ಅಧಿಕಾರದಲ್ಲಿದ್ದ ಗವರ್ನರ್ ಜಾರ್ಜ್ ಪಾರ್ಡಿಯನ್ನು ಕೈಬಿಟ್ಟು ಕಂಪೆನಿಗೆ ಒಪ್ಪಿತನಾದ ಜೇಮ್ಸ್ ಗಿಲೆಟ್‌ನನ್ನು ನಿಲ್ಲಿಸಿತು. ಆ ಸಂದರ್ಭದ ಔತಣದಲ್ಲಿ ತೆಗೆದ ಛಾಯಾಚಿತ್ರವೊಂದು ಉಳಿದಿದೆ: ನಡುವೆ ಕುಳಿತವನು ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತವನ್ನು ತೆರೆಮರೆಯಿಂದ ನಡೆಸುತ್ತಿದ್ದ ವಕೀಲ ಏಬ್ ರೂಫ್, ಹಿಂದೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟಿರುವವನು ಮುಂದಿನ ಗವರ್ನರ್ ಗಿಲೆಟ್. ಮಾತಿನಿಂದ ಎಷ್ಟು ಬಗೆಯಾಗಿ ಹೇಳಿದ್ದರೂ ಜನರ ಮನಸ್ಸಿಗೆ ತಾಗದಿದ್ದ ಸತ್ಯವನ್ನು ಆ ಚಿತ್ರವು ಒಂದು ನೋಟದಲ್ಲಿ ತಿಳಿಸಿತು. ಅದೇ ವರ್ಷದ ಏಪ್ರಿಲ್ 18ರ ಭೂಕಂಪದಿಂದ ನೆಲಸಮವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಸಂಪಾದಕ ಫ್ರೀಮಾಂಟ್ ಓಲ್ಡರನ ಛಲ, ಧನಿಕ ರುಡಾಲ್ಫ್ ಸ್ಪ್ರೆಕಲ್ಸನ ಹಣ, ಅಭಿಯೋಜಕ ಫ್ರಾನ್ಸಿಸ್ ಹೆನಿಯ ವಾಕ್ಸಾಮರ್ಥ್ಯ ಈ ಮೂರೂ ಸೇರಿ ನಗರದ ಲಂಚಗುಳಿತನದ ಮೇಲೆ ಮೊಕದ್ದಮೆಗಳನ್ನು ಹೂಡಿದವು. ನಗರಸಭೆಯ ಸದಸ್ಯರು ತಾವು ಪಡೆದ ಲಂಚಗಳನ್ನು ಒಪ್ಪಿಕೊಂಡರು. 1908ರ ನವೆಂಬರ್ 13ರಂದು, ರೂಫನ ವಿಚಾರಣೆಯು ನಡೆಯುತ್ತಿದ್ದ ನ್ಯಾಯಾಲಯದಲ್ಲಿಯೇ, ಜೂರಿಯಿಂದ ಹೊರಗಿಡಲ್ಪಟ್ಟಿದ್ದ ವ್ಯಕ್ತಿಯೊಬ್ಬನು ಹೆನಿಯ ತಲೆಗೆ ಗುಂಡು ಹಾರಿಸಿದನು. ಹೆನಿ ಬದುಕಿಕೊಂಡನು. ಅವನ ಸ್ಥಾನದಲ್ಲಿ ವಾದವನ್ನು ಮುಂದುವರಿಸಿ ರೂಫನಿಗೆ ಹದಿನಾಲ್ಕು ವರ್ಷದ ಸಜೆಯಾಗುವಂತೆ ಮಾಡಿದವರಲ್ಲಿ ಪ್ರಮುಖನು ಹೈರಮ್ ಜಾನ್ಸನ್. ಆತನ ತಂದೆ ಗ್ರೋವ್ ಜಾನ್ಸನ್ ಶಾಸನಸಭೆಯಲ್ಲಿ ರೈಲ್ವೆ ಕಂಪೆನಿಯ ಪರವಾದ ಹಿರಿಯ ನಾಯಕ. ತಂದೆ ಮಕ್ಕಳ ಮನಸ್ಸು ಈ ಕಾರಣದಿಂದಲೇ ಮುರಿದಿತ್ತು.

ಲಂಚವನ್ನು ತೆಗೆದುಕೊಂಡವನಿಗೆ ಶಿಕ್ಷೆಯಾಯಿತು. ಲಂಚವನ್ನು ಕೊಟ್ಟ ದೊಡ್ಡ ಕಂಪೆನಿಗಳ ಯಜಮಾನರಿಗೆ ಆಗಲಿಲ್ಲ. 1909ರಲ್ಲಿ, ವಿಚಾರಣೆಗಳಿಂದ ದಣಿದಿದ್ದ ನಗರದ ಮತದಾರರು ಹೆನಿಯನ್ನೇ ಚುನಾವಣೆಯಲ್ಲಿ ಸೋಲಿಸಿದರು. ನ್ಯಾಯಾಲಯದ ದಾರಿ ಅಲ್ಲಿಗೆ ಮುಗಿಯಿತು. ಆದರೆ ಅದಕ್ಕೆ ಮೊದಲೇ ಕೆಲವರು ಇನ್ನೊಂದು ದಾರಿಯನ್ನು ಹಿಡಿದಿದ್ದರು. 1907ರ ಶಾಸನಸಭೆಯ ಅಧಿವೇಶನವನ್ನು ವರದಿ ಮಾಡಲೆಂದು ಸ್ಯಾಕ್ರಮೆಂಟೊಕ್ಕೆ ಹೋದ ಇಬ್ಬರು ಪತ್ರಕರ್ತರು, ಫ್ರೆಸ್ನೊ ಪತ್ರಿಕೆಯ ಚೆಸ್ಟರ್ ರೋವೆಲ್ ಮತ್ತು ಲಾಸ್ ಏಂಜಲೀಸಿನ ಎಡ್ವರ್ಡ್ ಡಿಕ್ಸನ್, ಅಲ್ಲಿ ಕಂಪೆನಿಯ ಪ್ರತಿನಿಧಿಗಳ ಸನ್ನೆಯಂತೆ ಮಸೂದೆಗಳು ಏಳುತ್ತ ಬೀಳುತ್ತ ಇದ್ದುದನ್ನು ನೋಡಿ, ಬರಿಯ ವರದಿಯಿಂದ ಪ್ರಯೋಜನವಿಲ್ಲವೆಂದು ನಿಶ್ಚಯಿಸಿಕೊಂಡರು. ಆ ವರ್ಷವೇ ಅವರೂ ಅವರ ಸ್ನೇಹಿತರೂ ಕೂಡಿ ಲಿಂಕನ್-ರೂಸ್‌ವೆಲ್ಟ್ ಲೀಗನ್ನು ಕಟ್ಟಿದರು. ಹೊಸ ಪಕ್ಷವನ್ನು ಹುಟ್ಟುಹಾಕದೆ, ಇರುವ ರಿಪಬ್ಲಿಕನ್ ಪಕ್ಷವನ್ನೇ ಒಳಗಿನಿಂದ ಬಿಡಿಸಿಕೊಳ್ಳುವುದು ಅವರ ಸಂಕಲ್ಪ. ಬ್ಯೂರೋ ಮಾಡುತ್ತಿದ್ದ ಕೆಲಸವನ್ನೇ ಅವರು ಸಂಬಳವಿಲ್ಲದೆ ಮಾಡತೊಡಗಿದರು: ತಾಲ್ಲೂಕು ತಾಲ್ಲೂಕಿಗೂ ಹೋಗಿ ಜನರನ್ನು ಕೂಡಿಸಿದರು, ಶಾಸಕರ ಮತಗಳ ದಾಖಲೆಯನ್ನು ಪ್ರಕಟಿಸಿದರು, ಒಂದು ಚುನಾವಣೆಯಲ್ಲಿ ಸೋತರೆ ಮುಂದಿನದಕ್ಕೆ ಅಂದೇ ಸಿದ್ಧರಾದರು. 1909ರಲ್ಲಿ ನೇರ ಪ್ರಾಥಮಿಕ ಚುನಾವಣೆಯ ಕಾಯಿದೆ ಬಂದಿತು. ಪಕ್ಷದ ಉಮೇದುವಾರನನ್ನು ಸಮ್ಮೇಳನದ ಬದಲು ಪಕ್ಷದ ಮತದಾರರೇ ಆರಿಸುವ ವ್ಯವಸ್ಥೆ ಅದು. ಕಂಪೆನಿಯ ಬೀಗದ ಕೈ ಆ ದಿನ ಕಳೆದುಹೋಯಿತೆನ್ನಬೇಕು.

ಮೊದಲು ಒಲ್ಲೆನೆಂದಿದ್ದ ಹೈರಮ್ ಜಾನ್ಸನ್ ಲೀಗಿನ ಒತ್ತಾಯಕ್ಕೆ ಮಣಿದು 1910ರಲ್ಲಿ ಗವರ್ನರ್ ಪದವಿಗೆ ನಿಂತನು. ಮೋಟಾರು ಕಾರು ಇನ್ನೂ ಅಪರೂಪವಾಗಿದ್ದ ಆ ಕಾಲದಲ್ಲಿ, ಕಂಪೆನಿಯ ರೈಲನ್ನು ನೆಚ್ಚದೆ, ಮಣ್ಣು ರಸ್ತೆಗಳಲ್ಲಿ ಕಾರನ್ನೋಡಿಸಿಕೊಂಡು, ರೈಲು ಮುಟ್ಟದ ಹಳ್ಳಿಗಳಲ್ಲಿಯೂ ಗಂಟೆ ಬಾರಿಸಿ ಜನ ಕೂಡಿಸಿ ಅವನು ಹೇಳುತ್ತಿದ್ದದ್ದು ಒಂದೇ ಮಾತು: ಸದರ್ನ್ ಪೆಸಿಫಿಕ್ಕನ್ನು ರಾಜಕೀಯದಿಂದ ಹೊರದೂಡಬೇಕು. ಆಗಸ್ಟಿನ ಪ್ರಾಥಮಿಕದಲ್ಲಿ ಗೆದ್ದು, ನವೆಂಬರಿನಲ್ಲಿ ಡೆಮಾಕ್ರಾಟ್ ಪಕ್ಷದ ಥಿಯೊಡರ್ ಬೆಲ್‌ನನ್ನೂ ಸೋಲಿಸಿದನು. ಬೆಲ್ ಕೂಡ ಕಂಪೆನಿಯ ವಿರೋಧಿಯೆಂಬುದನ್ನು ನೆನೆದರೆ, ಉಭಯ ಉಮೇದುವಾರರೂ ಕಂಪೆನಿಗೆ ಬೇಕಾದವರಾಗಿರುತ್ತಿದ್ದ ಕಾಲವು ಎಷ್ಟು ಬೇಗ ಸರಿದುಹೋಗಿತ್ತೆಂಬುದು ತಿಳಿಯುತ್ತದೆ.

1911ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಜಾನ್ಸನ್, ಸಜ್ಜನನಾದ ಗವರ್ನರನೊಬ್ಬನು ಬಂದಮಾತ್ರಕ್ಕೆ ವ್ಯಾಧಿಯು ನೀಗುವುದಿಲ್ಲ, ಅವನು ಹೋದ ಮೇಲೆಯೂ ಜನರ ಕೈಯಲ್ಲಿ ಆಯುಧವಿರಬೇಕು ಎಂಬ ತತ್ತ್ವವನ್ನು ಹಿಡಿದನು. ಆ ಆಯುಧಗಳನ್ನು ಬಹುಕಾಲದಿಂದ ಪ್ರತಿಪಾದಿಸುತ್ತಿದ್ದವನು ಲಾಸ್ ಏಂಜಲೀಸಿನ ವೈದ್ಯ ಜಾನ್ ರ‍್ಯಾಂಡಾಲ್ಫ್ ಹೇನ್ಸ್; ಅವನ ಪ್ರಯತ್ನದಿಂದ ಆ ನಗರವು 1903ರಲ್ಲಿಯೇ ಅವುಗಳನ್ನು ತನ್ನ ಸನ್ನದಿನಲ್ಲಿ ಸೇರಿಸಿಕೊಂಡಿತ್ತು. ಅವು ಮೂರು: ಗೊತ್ತಾದ ಸಂಖ್ಯೆಯ ಮತದಾರರು ರುಜು ಹಾಕಿದರೆ ಶಾಸನವನ್ನು ತಾವೇ ಸೂಚಿಸಿ ಜನಮತಕ್ಕೆ ಒಡ್ಡುವ ಶಾಸನೋಪಕ್ರಮದ ಹಕ್ಕು, ಶಾಸನಸಭೆಯು ಮಾಡಿದ ಕಾಯಿದೆಯನ್ನು ಜನರೇ ತೂಗಿ ನೋಡುವ ಜನಮತಗಣನೆಯ ಹಕ್ಕು, ಚುನಾಯಿತನಾದವನನ್ನು ಅವಧಿ ಮುಗಿಯುವ ಮೊದಲೇ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕು. ಆ ಮೂರನೆಯದರಿಂದ ನ್ಯಾಯಾಧೀಶರನ್ನೂ ಹೊರತುಪಡಿಸಲಿಲ್ಲ. ನ್ಯಾಯಾಧೀಶರನ್ನು ಹಿಂದಕ್ಕೆ ಕರೆಯುವ ವಿಧಿಯಿದ್ದ ಕಾರಣದಿಂದಲೇ ಅಧ್ಯಕ್ಷ ಟಾಫ್ಟ್ ಆ ವರ್ಷ ಆರಿಜೋನಾಕ್ಕೆ ರಾಜ್ಯದ ಸ್ಥಾನವನ್ನು ತಡೆಹಿಡಿದಿದ್ದನೆಂಬುದನ್ನು ನೋಡಿದರೆ, ಇದೆಷ್ಟು ದಿಟ್ಟತನದ ಹೆಜ್ಜೆಯೆಂಬುದು ಮನದಟ್ಟಾಗುತ್ತದೆ. 1911ರ ಅಕ್ಟೋಬರ್ 10ರಂದು ಇಪ್ಪತ್ತಮೂರು ರಾಜ್ಯಾಂಗ ತಿದ್ದುಪಡಿಗಳು ಮತಕ್ಕೆ ಬಂದು ಬಹುತೇಕ ಎಲ್ಲವೂ ಅಂಗೀಕೃತವಾದವು. ರೈಲ್ವೆ ಆಯೋಗಕ್ಕೆ ನಿಜವಾದ ಅಧಿಕಾರ ದೊರೆಯಿತು. ಸ್ತ್ರೀಯರಿಗೆ ಮತದಾನದ ಹಕ್ಕೂ ಅಂದೇ ದೊರೆಯಿತು. ಆದರೆ ಆ ನ್ಯಾಯವು ಗೆದ್ದದ್ದು ಕೇವಲ 3,587 ಮತಗಳ ಅಂತರದಿಂದ.

ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಮಂಗಳಾಂತವಾದ ಕಥೆಯಾಗುತ್ತದೆ, ಸತ್ಯವಾಗುವುದಿಲ್ಲ. ಕಂಪೆನಿಯ ದಬ್ಬಾಳಿಕೆಯನ್ನು ಮುರಿದ ಇದೇ ಜಾನ್ಸನ್ 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಜಮೀನನ್ನು ಹೊಂದಕೂಡದೆಂಬ ಕಾಯಿದೆಗೆ ಅಂಕಿತ ಹಾಕಿದನು. ಅದನ್ನು ರಚಿಸಿದವರಲ್ಲಿ ಒಬ್ಬನು ಗುಂಡೇಟನ್ನು ತಿಂದು ಬದುಕಿದ್ದ ಆ ಹೆನಿಯೇ. 1920ರಲ್ಲಿ ಮತದಾರರು ತಮ್ಮ ಶಾಸನೋಪಕ್ರಮದ ಹಕ್ಕನ್ನು ಬಳಸಿ ಆ ಕಾಯಿದೆಯನ್ನು ಮತ್ತಷ್ಟು ಬಿಗಿಗೊಳಿಸಿದರು. ಮುಖ್ಯವಾಗಿ ಜಪಾನೀ ರೈತರ ಮೇಲೆ ಗುರಿಯಿಟ್ಟ ಆ ಬಾಣವು, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿನ ನಮ್ಮ ದೇಶಬಾಂಧವರಿಗೂ, 1923ರಲ್ಲಿ ಭಾರತೀಯರು ಪೌರತ್ವಕ್ಕೆ ಅನರ್ಹರೆಂದು ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ, ತಗುಲಿತು. ಬಲಿಷ್ಠರ ವಿರುದ್ಧ ಮಸೆದ ಆಯುಧವನ್ನು ದುರ್ಬಲರ ಮೇಲೆ ಎತ್ತುವುದು ಬಹುಮತಕ್ಕೆ ಅಸಾಧ್ಯವಲ್ಲವೆಂಬುದನ್ನು ನಾವು ಮರೆಯಬಾರದು.

ಹಣವೂ ಸುಮ್ಮನಿರಲಿಲ್ಲ. ಉಮೇದುವಾರನೊಬ್ಬನು ಏಕಕಾಲದಲ್ಲಿ ಎರಡೂ ಪಕ್ಷಗಳ ಪ್ರಾಥಮಿಕದಲ್ಲಿ ನಿಲ್ಲಬಹುದೆಂಬ 1913ರ ಸುಧಾರಣೆಯು ಪಕ್ಷಗಳ ಬಿಗಿಯನ್ನು ಸಡಿಲಿಸಲೆಂದು ಬಂದದ್ದು. ಆದರೆ ಪಕ್ಷಗಳು ದುರ್ಬಲವಾದ ಎಡೆಗೆ ಲಾಬಿಗಾರರು ಬಂದು ಸೇರಿದರು. 1930 ಮತ್ತು 40ರ ದಶಕಗಳಲ್ಲಿ ಮದ್ಯವ್ಯಾಪಾರಿಗಳ ಪರವಾಗಿ ಸ್ಯಾಕ್ರಮೆಂಟೊದಲ್ಲಿ ಬೀಡುಬಿಟ್ಟಿದ್ದ ಆರ್ಟಿ ಸಾಮಿಶ್ ಎಂಬುವನು, 1949ರಲ್ಲಿ ‘ಕೊಲಿಯರ್ಸ್’ ಪತ್ರಿಕೆಯವರ ಮುಂದೆ, ತೊಡೆಯ ಮೇಲೊಂದು ಬೊಂಬೆಯನ್ನಿರಿಸಿಕೊಂಡು ಅದೇ ಶಾಸನಸಭೆಯೆಂಬಂತೆ ಚಿತ್ರ ತೆಗೆಸಿಕೊಳ್ಳುವಷ್ಟು ನಿರ್ಭೀತನಾಗಿದ್ದನು. ಆಮೇಲೆ ತೆರಿಗೆಗಳ್ಳತನಕ್ಕಾಗಿ ಅವನು ಸೆರೆಮನೆ ಸೇರಿದನು. 1974ರಲ್ಲಿ ಮತದಾರರು ಹೇನ್ಸನ ಆಯುಧವನ್ನೇ ಎತ್ತಿಕೊಂಡು, ಲಾಬಿಗಾರನು ಒಬ್ಬ ಶಾಸಕನ ಮೇಲೆ ತಿಂಗಳಿಗೆ ಹತ್ತು ಡಾಲರಿಗಿಂತ ಹೆಚ್ಚು ವೆಚ್ಚ ಮಾಡಕೂಡದೆಂಬ ಕಾಯಿದೆಯನ್ನು ತಾವೇ ಮಾಡಿಕೊಂಡರು. 2020ರಲ್ಲಿ ಆ ಆಯುಧವು ಕಂಪೆನಿಗಳ ಕೈಗೇ ಬಂದಿತು: ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದವು ತಮ್ಮ ಚಾಲಕರನ್ನು ನೌಕರರೆಂದು ಪರಿಗಣಿಸಬೇಕಾಗಿಲ್ಲವೆಂಬ ಶಾಸನವನ್ನು ತಾವೇ ಮುಂದಿಟ್ಟು, ಇಪ್ಪತ್ತು ಕೋಟಿ ಡಾಲರಿಗೂ ಮಿಕ್ಕಿ ವೆಚ್ಚ ಮಾಡಿ, ಜನಮತದಿಂದಲೇ ಗೆಲ್ಲಿಸಿಕೊಂಡವು. ಆ ರಾಜ್ಯದಲ್ಲಿ ನೆಲೆಸಿ ಅಲ್ಲಿನ ಪೌರರಾದ ಕನ್ನಡಿಗರಿಗೂ ಇಂಥ ಪ್ರಶ್ನೆಗಳ ಮೇಲೆ ಮತ ಹಾಕುವ ಹೊಣೆಯು ಪ್ರತಿಯೊಂದು ಚುನಾವಣೆಯಲ್ಲಿಯೂ ಬೀಳುತ್ತದೆ.

ಹಾಗಾದರೆ 1911ರ ಪರಿಶ್ರಮವು ವ್ಯರ್ಥವಾಯಿತೇ? ಆಗಲಿಲ್ಲವೆಂದೇ ನನ್ನ ದೃಢವಾದ ನಂಬಿಕೆ. ಹಿಂದೆ ಕಂಪೆನಿಯು ಇಬ್ಬರು ಆಯುಕ್ತರನ್ನು ಗುಟ್ಟಾಗಿ ಒಲಿಸಿಕೊಂಡರೆ ಸಾಕಾಗುತ್ತಿತ್ತು. ಇಂದು ಅದು ಲಕ್ಷೋಪಲಕ್ಷ ಜನರನ್ನು ಬಹಿರಂಗವಾಗಿ ಒಪ್ಪಿಸಬೇಕು, ಒಪ್ಪಿಸಲು ಮಾಡಿದ ವೆಚ್ಚದ ಲೆಕ್ಕವನ್ನು ಲೋಕಕ್ಕೆ ತೋರಿಸಬೇಕು. ಇದು ಅಲ್ಪವಾದ ಅಂತರವಲ್ಲ. ಆದರೆ ಈ ಚರಿತ್ರೆಯನ್ನು ಮೊದಲಿಂದ ಕೊನೆಯವರೆಗೆ ನೋಡಿದವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮತದಾರರ ರೋಷವು 1879ರಲ್ಲಿಯೂ ಇತ್ತು, 1894ರಲ್ಲಿಯೂ ಇತ್ತು, 1906ರಲ್ಲಿಯೂ ಇತ್ತು; ಫಲಿಸಿದ್ದು ಮಾತ್ರ 1907ರಿಂದ 1911ರವರೆಗಿನ ನಾಲ್ಕು ವರ್ಷಗಳಲ್ಲಿ, ಏಕೆಂದರೆ ಆ ನಾಲ್ಕು ವರ್ಷ ಕೆಲವರು ರಾಜಕೀಯವನ್ನು ಹೆರಿನ್ನಿನಂತೆಯೇ ದಿನನಿತ್ಯದ ಉದ್ಯೋಗವಾಗಿ ಮಾಡಿಕೊಂಡಿದ್ದರು. ಅವರು ಕೆಲಸ ಮುಗಿಯಿತೆಂದು ಮನೆಗೆ ಮರಳಿದಾಗ ಸಾಮಿಶ್ ಬಂದನು. ಉಮೇದುವಾರರೆಲ್ಲ ಒಂದೇ ಎಂದು ಬೇಸತ್ತು ಮತಗಟ್ಟೆಯಿಂದ ದೂರ ಸರಿಯುವ ನಾಗರಿಕನು ತನ್ನ ಬೇಸರವು ನ್ಯಾಯವಾದದ್ದೆಂದು ಭಾವಿಸಬಹುದು, ಅದು ನ್ಯಾಯವಾದದ್ದೇ ಇರಬಹುದು. ಆದರೆ ಆ ಬೇಸರವನ್ನು ಲಾಭವಾಗಿ ಎಣಿಸಿಕೊಳ್ಳುವವರು ವರ್ಷವಿಡೀ ಎಚ್ಚರವಾಗಿರುತ್ತಾರೆ. ಹಣಕ್ಕೆ ಸಂಬಳ ಕೊಟ್ಟು ಕೊಂಡ ತಾಳ್ಮೆಯುಂಟು. ಪ್ರಜೆಗೆ ಅಷ್ಟೇ ದೀರ್ಘವಾದ, ಸಂಬಳವಿಲ್ಲದ ತಾಳ್ಮೆ ಬೇಕು. ಅದನ್ನು ಅವನಿಗೆ ಯಾವ ರಾಜ್ಯಾಂಗವೂ ಬರೆದುಕೊಡಲಾರದು, ಅವನೇ ನೆರೆಯವರೊಡನೆ ಕೂಡಿ ಚುನಾವಣೆಯಿಂದ ಚುನಾವಣೆಗೆ ಅದನ್ನು ಅಭ್ಯಾಸ ಮಾಡಬೇಕು.